ಮನೆಮಾತು ತಪ್ಪಿಹೋದ ಬಗ್ಗೆ

ಈ ಬರಹವನ್ನು ಓದುವವರ ಹುದ್ದೆ ಯಾವುದೆಂದು ನನಗೆ ತಿಳಿದಿಲ್ಲ. ಇದುವರೆಗೆ ನಾನು ಬರೆದದ್ದೆಲ್ಲವೂ ಯಾವುದಾದರೊಂದು ಹುದ್ದೆಯಲ್ಲಿರುವವರಿಗೆ ಬರೆದದ್ದು. ಮೇಲಿನವರಿಗಾದರೆ ‘ದಯವಿಟ್ಟು ಅವಗಾಹನೆಗೆ’ ಎಂದೂ ಕೆಳಗಿನವರಿಗಾದರೆ ‘ತಪ್ಪದೆ ಪಾಲಿಸತಕ್ಕದ್ದು’ ಎಂದೂ ಬರೆದು ರೂಢಿ. ಹುದ್ದೆಯೇ ಇಲ್ಲದ ಓದುಗರನ್ನು ಹೇಗೆ ಸಂಬೋಧಿಸಬೇಕೆಂಬ ಒಂದೇ ಪ್ರಶ್ನೆಯಿಂದ ಈ ಬರಹ ಮೂರು ತಿಂಗಳು ತಡವಾಗಿದೆ. ವಿಳಂಬಕ್ಕೆ ವಿಷಾದಿಸುತ್ತೇನೆ.

ನನ್ನ ವಾಕ್ಯಗಳು ಸರ್ಕಾರಿ ಪತ್ರದ ಹಾಗೆ ಇವೆಯೆಂದು, ಇದನ್ನು ಮೊದಲು ಓದಿದ ನನ್ನ ಹೆಂಡತಿ ಆಕ್ಷೇಪಿಸಿದ್ದಾಳೆ. ಆಕೆ ಪ್ರಾಥಮಿಕ ಶಾಲೆಯ ಶಿಕ್ಷಕಿ. ತಿದ್ದುವುದು ಆಕೆಯ ವೃತ್ತಿ. ಆಕ್ಷೇಪಣೆಯನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಬೇರೆ ರೀತಿಯಲ್ಲಿ ಬರೆಯಲು ಹೊರಟಾಗಲೆಲ್ಲ ವಾಕ್ಯದ ನಡುವೆ ಕೈ ನಿಂತುಬಿಡುತ್ತದೆ. ನಿಂತದ್ದು ಮತ್ತೆ ಮುಂದುವರಿಯುವುದೇ ಇಲ್ಲವೇನೋ ಎಂಬ ಹೆದರಿಕೆ ಹುಟ್ಟುತ್ತದೆ. ಈ ಹೆದರಿಕೆಗೆ ಕಾರಣವಿದೆ. ಆ ಕಾರಣವನ್ನೇ ಕೆಳಗೆ ವಿವರಿಸಿರುತ್ತೇನೆ.

ಇದು ನಡೆದದ್ದು ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷಗಳಾದ ಮೇಲೆ. ನಾನು ನರಸಿಂಹರಾಜಪುರದ ಒಂದು ತಾಲ್ಲೂಕು ಮಟ್ಟದ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ವಯಸ್ಸು ನಲವತ್ತೊಂದು. ಬಸ್ ನಿಲ್ದಾಣದ ಹಿಂದಿನ ಬೀದಿಯ ಬಾಡಿಗೆ ಮನೆಯಲ್ಲಿ ನಾನು, ನನ್ನ ತಾಯಿ, ಹೆಂಡತಿ ಮತ್ತು ಮದುವೆಯಾಗಿ ಬಹಳ ವರ್ಷಗಳ ಮೇಲೆ ಹುಟ್ಟಿದ ಒಬ್ಬಳೇ ಮಗಳು ಇದ್ದೆವು. ಮಗಳಿಗೆ ಆಗ ಎರಡೂವರೆ ವರ್ಷ. ಮಾತು ಉಕ್ಕಿ ಬರುತ್ತಿದ್ದ ಕಾಲ. ಬೆಳಿಗ್ಗೆ ಇಲ್ಲದ ಪದ ಸಂಜೆ ನಾನು ಕಚೇರಿಯಿಂದ ಬರುವಷ್ಟರಲ್ಲಿ ಆಕೆಯ ಬಾಯಲ್ಲಿ ಇರುತ್ತಿತ್ತು.

ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಡಹಿನಬೈಲಿನ ಕಡೆಯ ರೈತರೊಬ್ಬರು ತಮ್ಮ ಅರ್ಜಿ ಏನಾಯಿತೆಂದು ಕೇಳುತ್ತ ನನ್ನ ಮೇಜಿನ ಮುಂದೆ ನಿಂತರು. ಸಾಹೇಬರು ಮೀಟಿಂಗಿಗೆ ಹೋಗಿದ್ದರು. ನಾನು ‘ನಾಳೆ ಬನ್ನಿ’ ಎನ್ನಬೇಕಾಗಿತ್ತು. ಆ ಎರಡು ಪದಗಳನ್ನು ನಾನು ನನ್ನ ಸೇವಾವಧಿಯಲ್ಲಿ ಎಷ್ಟು ಸಲ ಹೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಅಂದು ಅವು ಬರಲಿಲ್ಲ. ಬಾಯಿ ತೆರೆಯಿತು, ನಾಲಿಗೆ ಎದ್ದಿತು, ಒಂದು ಉಸಿರು ಮಾತ್ರ ಹೊರಗೆ ಬಂದಿತು. ಕೈಯಲ್ಲಿದ್ದ ಪೆನ್ನು ಕಡತದ ಮೇಲೆ ಉರುಳಿತು. ಆ ರೈತರು ನನ್ನ ಮುಖವನ್ನೇ ನೋಡುತ್ತಿದ್ದವರು ಹಿಂದಕ್ಕೆ ತಿರುಗಿ ಕೂಗಿದರು:

“ಯಾರಾದ್ರೂ ಬನ್ನಿ ಮಾರಾಯ್ರೆ! ಗುಮಾಸ್ತ್ರ ಬಾಯಿ ಸೊಟ್ಟ ಆಗ್ತಾ ಉಂಟು!”

ಅವರ ಅರ್ಜಿ ಮುಂದೆ ಏನಾಯಿತೆಂಬುದು ನನಗೆ ಇಂದಿಗೂ ಗೊತ್ತಿಲ್ಲ. ನಾನು ಬದುಕಿರುವುದು ಅವರ ಕೂಗಿನಿಂದ ಎಂಬುದು ಮಾತ್ರ ಗೊತ್ತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಒಂದು ತಿಂಗಳಿಗೂ ಹೆಚ್ಚು ಕಾಲ ಇದ್ದೆ. ಮೆದುಳಿನ ಎಡಭಾಗದ ರಕ್ತನಾಳ ಕಟ್ಟಿಕೊಂಡಿತ್ತೆಂದೂ ಬಲಗೈ ಬಲಗಾಲುಗಳ ಶಕ್ತಿ ಹಾಗೂ ಮಾತು ಎರಡೂ ಅದೇ ಭಾಗದ ಅಧೀನದಲ್ಲಿರುತ್ತವೆಂದೂ ವೈದ್ಯರು ನನ್ನ ಹೆಂಡತಿಗೆ ವಿವರಿಸಿದರು. ಮೊದಲ ಕೆಲವು ದಿನ ಎದುರಿಗಿದ್ದವರ ಮಾತೂ ನನಗೆ ದೂರದ ಧ್ವನಿವರ್ಧಕದಲ್ಲಿ ಕೇಳಿದಂತೆ ಕೇಳುತ್ತಿತ್ತು. ಯಾರೋ ಮಾತನಾಡುತ್ತಿದ್ದಾರೆಂದು ತಿಳಿಯುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಅದು ಮೆಲ್ಲನೆ ಸರಿಹೋಯಿತು. ಆಡುವುದು ಸರಿಹೋಗಲಿಲ್ಲ. ಮೊದಲು ಮರಳಿದ್ದು ವಾರದ ದಿನಗಳು. ದಾದಿಯೊಬ್ಬರು “ಇವತ್ತು ಯಾವ ವಾರ?” ಎಂದು ಕೇಳಿದರೆ ನಾನು ಭಾನುವಾರದಿಂದ ಹೊರಟು ಶನಿವಾರದವರೆಗೆ ಓಡುತ್ತಿದ್ದೆ. ಬೇಕಾದ ವಾರದಲ್ಲಿ ನಿಲ್ಲಲು ಆಗುತ್ತಿರಲಿಲ್ಲ.

ಅದರ ನಂತರ ಬಂದದ್ದು ಕಚೇರಿ. ಇದನ್ನು ಬರೆಯುವಾಗ ನನಗೆ ಈಗಲೂ ಸಂಕೋಚವಾಗುತ್ತದೆ. ಒಂದು ಮಧ್ಯಾಹ್ನ ಹೆಂಡತಿ ಲೋಟ ಹಿಡಿದುಕೊಂಡು ಬಂದು “ಕಾಫಿ ಬೇಕಾ?” ಎಂದು ಕೇಳಿದಳು. ನನಗೆ ಬೇಡವಾಗಿತ್ತು. ಬಾಯಿ ತೆರೆದೆ. ಸ್ಪಷ್ಟವಾಗಿ, ಒಂದಕ್ಷರವೂ ತೊದಲದೆ, ಹೊರಬಂದ ಮಾತು ಇದು:

“ಪರಿಶೀಲಿಸಲಾಗುವುದು.”

ಆಕೆ ಮೊದಲು ನಕ್ಕಳು. ಪಕ್ಕದ ಹಾಸಿಗೆಯವರೂ ನಕ್ಕರು. ಆಮೇಲೆ ಆಕೆ ಲೋಟವನ್ನು ಕಿಟಕಿಯ ಮೇಲಿಟ್ಟು ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಈ ಹಂತದಲ್ಲಿ ಓದುಗರಿಗೆ ನಮ್ಮ ಮನೆಯ ಒಂದು ಪದ್ಧತಿಯನ್ನು ತಿಳಿಸುವುದು ಅವಶ್ಯಕ. ನಮ್ಮ ಜನರಿಗೆ ಮನೆಯೊಳಗೆ ಆಡುವ ಮಾತೊಂದಿದೆ. ಅದು ಕನ್ನಡವೇ, ಆದರೆ ಹೊರಗಿನವರಿಗೆ ಸುಲಭವಾಗಿ ಹಿಡಿತಕ್ಕೆ ಸಿಗುವುದಿಲ್ಲ. ಗಂಡುಮಗುವಿಗೆ ‘ಮಾಣಿ’, ಹೆಣ್ಣುಮಗುವಿಗೆ ‘ಕೂಸು’, ಬರುತ್ತೇನೆ ಎಂಬುದಕ್ಕೆ ‘ಬತ್ತೆ’, ನಾನು ಎಂಬುದಕ್ಕೆ ‘ಆನು’. ಹೊರಗಿನವರೊಬ್ಬರು ಹೊಸ್ತಿಲಿಗೆ ಬಂದ ಕೂಡಲೇ ಈ ಮಾತು ಒಳಗೆ ಹೋಗುತ್ತದೆ. ಮೀಟರ್ ನೋಡಲು ಬಂದವರಾಗಲಿ, ಹಾಲಿನವರಾಗಲಿ, ನನ್ನ ತಾಯಿ ಅರ್ಧಕ್ಕೆ ನಿಂತ ವಾಕ್ಯದ ಉಳಿದರ್ಧವನ್ನು ಪುಸ್ತಕದ ಕನ್ನಡದಲ್ಲಿ ಮುಗಿಸುತ್ತಾರೆ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಬಂದವರಿಗೆ ನೀರು ಬೆಲ್ಲ ಕೊಡುವಂತೆ ಅವರ ಕನ್ನಡವನ್ನೂ ಕೊಡುವುದು ನಮ್ಮಲ್ಲಿ ಮರ್ಯಾದೆ. ಹೊರಗಿನ ಯಾರಾದರೂ “ನಿಮ್ಮ ಭಾಷೆ ಯಾವುದು?” ಎಂದು ಕೇಳಿದರೆ “ಕನ್ನಡ” ಎನ್ನುತ್ತೇವೆ. ಮನೆಮಾತನ್ನು ಒಂದು ಭಾಷೆಯೆಂದು ಎಣಿಸುವ ಯೋಚನೆಯೇ ನಮಗೆ ಬರುವುದಿಲ್ಲ.

ಆಸ್ಪತ್ರೆಯಿಂದ ಕಳುಹಿಸುವಾಗ ವೈದ್ಯರು ಮೂರು ಸೂಚನೆಗಳನ್ನು ಕೊಟ್ಟರು. ನಿಧಾನವಾಗಿ ಮಾತನಾಡಿಸಿ, ಸ್ಪಷ್ಟವಾಗಿ ಮಾತನಾಡಿಸಿ, ಎಲ್ಲರೂ ಒಂದೇ ಭಾಷೆಯಲ್ಲಿ ಮಾತನಾಡಿಸಿ. ನನ್ನ ಹೆಂಡತಿ ಇವನ್ನು ಪುಸ್ತಕವೊಂದರಲ್ಲಿ ಬರೆದುಕೊಂಡಳು. ಮನೆಗೆ ಬಂದ ದಿನವೇ ತಾಯಿಯನ್ನು ಕೂರಿಸಿಕೊಂಡು ವಿವರಿಸಿದಳು. ಒಂದೇ ಭಾಷೆಯೆಂದರೆ ಯಾವುದೆಂಬ ಸಂದೇಹ ಇಬ್ಬರಿಗೂ ಬರಲಿಲ್ಲ. ಹಾಳಾದದ್ದನ್ನು ಕಟ್ಟುವಾಗ ಒಳ್ಳೆಯದರಿಂದ ಕಟ್ಟಬೇಕೆಂಬುದು ಆಕೆಯ ಎಣಿಕೆ. ಅಂದಿನಿಂದ ನನ್ನೊಂದಿಗೆ ಎಲ್ಲರೂ ಹೊರಗಿನ ಕನ್ನಡವನ್ನೇ ಆಡತೊಡಗಿದರು. ಮಗಳಿಗೂ ಹಾಗೆಯೇ ಹೇಳಿಕೊಡಲಾಯಿತು.

ಈ ತಪ್ಪನ್ನು ಯಾರ ಮೇಲೂ ಹೊರಿಸಲು ನಾನು ಸಿದ್ಧನಿಲ್ಲ. ವೈದ್ಯರು ಹೇಳಿದ್ದು ಸರಿ. ನನ್ನ ಮನೆಯವರು ಮಾಡಿದ್ದು ಪ್ರೀತಿಯಿಂದ. ಆದರೆ ಪರಿಣಾಮವನ್ನು ದಾಖಲಿಸದೆ ಬಿಡಲಾಗದು. ಅಡುಗೆಮನೆಯಲ್ಲಿ ಅತ್ತೆ ಸೊಸೆಯರು ಮನೆಮಾತಿನಲ್ಲಿ ಆಡುತ್ತಿರುವುದು ನನಗೆ ಕೇಳುತ್ತಿತ್ತು. ನಾನು ಕೋಲೂರಿಕೊಂಡು ಬಾಗಿಲಿಗೆ ಬಂದೊಡನೆ ಅದು ನಿಂತು, “ಏನಾದರೂ ಬೇಕಾಗಿತ್ತೆ?” ಎಂಬ ಮಾತು ಬರುತ್ತಿತ್ತು. ನಮ್ಮ ಮನೆಯಲ್ಲಿ ಆ ಮಾತನ್ನು ಕೇಳುವುದು ಜಗಲಿಯಲ್ಲಿ ಕುಳಿತ ಹೊರಗಿನವರನ್ನು.

ನನಗೆ ಏಳುತ್ತಿದ್ದ ಯೋಚನೆ ಮನೆಮಾತಿನದೇ. ಹಸಿವಾದರೆ ಒಳಗೆ ಹಸಿವಾಗುತ್ತಿದ್ದದ್ದು ಆ ಮಾತಿನಲ್ಲಿ. ಆದರೆ ಬಾಯಿಗೆ ಬರುವ ದಾರಿಯಲ್ಲಿ ಪದ ಮಾಯವಾಗಿ ಅದರ ಜಾಗದಲ್ಲಿ ಕಚೇರಿಯ ಸಾಲೊಂದು ಬಂದು ನಿಲ್ಲುತ್ತಿತ್ತು. ಬೀರುವಿನಲ್ಲಿ ಇಂಥ ಖಾನೆಯಲ್ಲಿ ಕಡತವಿದೆಯೆಂದು ಖಚಿತವಾಗಿ ಗೊತ್ತಿದ್ದು, ಕೈ ಹಾಕಿದಾಗಲೆಲ್ಲ ಬೇರೆಯದೇ ಕಡತ ಕೈಗೆ ಬರುವವನ ಅವಸ್ಥೆಯನ್ನು ಊಹಿಸಿಕೊಳ್ಳಬೇಕೆಂದು ಕೋರುತ್ತೇನೆ. ಇಪ್ಪತ್ತು ವರ್ಷ ದಿನಕ್ಕೆ ನೂರು ಸಲ ಬರೆದ ಸಾಲುಗಳು ಎಲ್ಲಿ ಬೇರೂರಿದ್ದವೋ ಆ ಜಾಗಕ್ಕೆ ಕಾಯಿಲೆ ತಲುಪಿರಲಿಲ್ಲವೆಂದು ತೋರುತ್ತದೆ. ಅಮ್ಮನ ಮಾತು ಅದಕ್ಕಿಂತ ಆಳದಲ್ಲಿರಬೇಕಲ್ಲವೇ ಎಂದು ನಾನು ನನ್ನನ್ನೇ ಕೇಳಿಕೊಂಡಿದ್ದೇನೆ.

ಐದು ತಿಂಗಳ ರಜೆಯ ನಂತರ ಕರ್ತವ್ಯಕ್ಕೆ ಹಾಜರಾದೆ. ಕಚೇರಿಯಲ್ಲಿ ನನಗೆ ಏನೂ ಕಷ್ಟವಾಗಲಿಲ್ಲ. ಆ ವಿಷಯವೇ ನನ್ನನ್ನು ಹೆಚ್ಚು ಹೆದರಿಸಿತು. ಎಡಗೈಯಲ್ಲಿ ಟಿಪ್ಪಣಿ ಬರೆಯುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ. ಸಾಹೇಬರು ಮೊದಲ ಕಡತವನ್ನು ನೋಡಿ “ಏನೂ ಆಗಿಲ್ಲ ಕಣ್ರೀ ನಿಮಗೆ, ಮೊದಲಿಗಿಂತ ಚೆನ್ನಾಗಿದೆ” ಎಂದರು. ಪಕ್ಕದ ಮೇಜಿನ ಸಹೋದ್ಯೋಗಿ, ಮುತ್ತಿನಕೊಪ್ಪದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದವರು, ಮಧ್ಯಾಹ್ನ ಬುತ್ತಿ ಬಿಚ್ಚುತ್ತ ಕೇಳಿದರು:

“ಉಪ್ಪಿನಕಾಯಿ ಹಾಕ್ಲಾ?”

“ಸ್ವಲ್ಪ ಪ್ರಮಾಣದಲ್ಲಿ ಮಂಜೂರು ಮಾಡಬಹುದು,” ಎಂದೆ.

ಅವರಿಗೆ ಅನ್ನ ನೆತ್ತಿಗೇರುವಷ್ಟು ನಗು ಬಂತು. “ನೀವೀಗ ನಡೆದಾಡೋ ಸುತ್ತೋಲೆ ಮಾರಾಯ್ರೆ! ನಮಗೆ ಡ್ರಾಫ್ಟ್ ಮಾಡೋ ಕೆಲಸವೇ ಇಲ್ಲ, ನಿಮ್ಮ ಬಾಯಿ ಹತ್ರ ಪೇಪರ್ ಹಿಡಿದ್ರೆ ಸಾಕು.” ನಾನೂ ನಕ್ಕೆ. ನಾನು ತಮಾಷೆ ಮಾಡುತ್ತಿದ್ದೇನೆಂದು ಅವರು ನಂಬಿದ್ದರು. ಅದು ನನಗೆ ಅನುಕೂಲವೇ ಆಗಿತ್ತು. ಹೀಗೆ ಕಚೇರಿಯ ಮಟ್ಟಿಗೆ ನಾನು ಗುಣಮುಖನಾದೆ.

ಇನ್ನು ಮಗಳ ವಿಷಯ. ಆಕೆ ನನ್ನ ಬಳಿ ಬಂದಾಗಲೆಲ್ಲ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದಳು. “ತಾವು ಊಟ ಮಾಡಿದಿರಾ?” ಎಂದು ಕೇಳುತ್ತಿದ್ದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಓಡಿಹೋಗುತ್ತಿದ್ದಳು. ನೆರೆಯವರು ಇದನ್ನು ಕೇಳಿ “ಎಷ್ಟು ಚೆಂದ ಮಾತಾಡುತ್ತೆ ಮಗು!” ಎಂದು ಮೆಚ್ಚಿದರು. ನನ್ನ ಹೆಂಡತಿಗೂ ಸಂತೋಷವೇ ಇತ್ತು. ಕಾಯಿಲೆಗೆ ಮುಂಚೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಆಕೆ ನನ್ನ ಮೊಣಕಾಲಿಗೆ ಬಂದು ಬೀಳುತ್ತಿದ್ದದ್ದನ್ನು ನಾನು ಮಾತ್ರ ಲೆಕ್ಕವಿಟ್ಟುಕೊಂಡಿದ್ದೆನೆಂದು ಕಾಣುತ್ತದೆ. ಆಸ್ಪತ್ರೆಯಿಂದ ಬಂದ ಮೇಲೆ ಆಕೆ ಒಮ್ಮೆಯೂ ನನ್ನ ತೊಡೆಯ ಮೇಲೆ ಕುಳಿತಿರಲಿಲ್ಲ.

ಕಾಯಿಲೆಯಾಗಿ ಎಂಟು ತಿಂಗಳಾಗಿರಬೇಕು. ಒಂದು ಭಾನುವಾರ ನಾನು ಹೊರಕೋಣೆಯ ಕುರ್ಚಿಯಲ್ಲಿ ಕುಳಿತು ಪತ್ರಿಕೆಯ ದೊಡ್ಡ ಅಕ್ಷರಗಳನ್ನು ಓದುತ್ತಿದ್ದೆ. ತಾಯಿ ನೆಲದ ಮೇಲೆ ಕುಳಿತು ಬಸಳೆ ಸೊಪ್ಪು ಬಿಡಿಸುತ್ತಿದ್ದರು. ಮಗಳು ಅವರ ಬೆನ್ನಿಗೆ ಒರಗಿ, ನನಗೆ ಕೇಳಬಾರದೆಂದು ಧ್ವನಿ ಇಳಿಸಿ, ಮನೆಮಾತಿನಲ್ಲಿ ಕೇಳಿದಳು:

“ಅಜ್ಜಿ, ಅಪ್ಪಯ್ಯ ಯಾವಾಗ ಬತ್ತ?”

“ಇಲ್ಲೇ ಇದ್ನಲೇ ಕೂಸೆ,” ಎಂದು ತಾಯಿ ನನ್ನ ಕಡೆ ಕೈ ತೋರಿಸಿದರು.

ಮಗಳು ನನ್ನನ್ನು ನೋಡಿದಳು. ಮರ್ಯಾದೆಯಿಂದಲೇ ನೋಡಿದಳು.

“ಇವ್ರಲ್ಲ. ನಮ್ಮನೆ ಅಪ್ಪಯ್ಯ.”

ಒಂದೊಂದು ಅಕ್ಷರವೂ ನನಗೆ ಅರ್ಥವಾಯಿತು. ಎಂಟು ತಿಂಗಳಲ್ಲಿ ಇಷ್ಟು ಸಲೀಸಾಗಿ ಯಾವ ಮಾತೂ ನನ್ನ ಒಳಗೆ ಹೋಗಿರಲಿಲ್ಲ. ಎಳೆಯ ಮಗುವಿನ ತರ್ಕದಲ್ಲಿ ದೋಷವಿರಲಿಲ್ಲ. ನಮ್ಮ ಮನೆಯಲ್ಲಿ ಯಾರೊಂದಿಗೆ ಹೊರಗಿನ ಕನ್ನಡ ಆಡುತ್ತೇವೆಯೋ ಅವರು ಸ್ವಲ್ಪ ಹೊತ್ತಿನಲ್ಲಿ ಎದ್ದು ತಮ್ಮ ಮನೆಗೆ ಹೋಗುವವರು. ಈ ಒಬ್ಬರು ಮಾತ್ರ ಏಕೋ ಹೋಗದೆ ಉಳಿದಿದ್ದರು. ಆಕೆ ನಿಜವಾದ ಅಪ್ಪ ಬರುವುದನ್ನು ಕಾಯುತ್ತಿದ್ದಳು. ನಾನು ಆಕೆಯನ್ನು ಕರೆಯಲು ಹೋದೆ. ‘ಕೂಸೆ’ ಎಂಬ ಎರಡಕ್ಷರ. ಬಾಯಿಗೆ ಬಂದದ್ದು “ಸದರಿಯವರು...” ಎಂಬ ಅರ್ಧ ಮಾತು. ಆಕೆ ಅಜ್ಜಿಯ ಸೆರಗಿನ ಹಿಂದೆ ಸರಿದಳು.

ತಾಯಿ ಸೊಪ್ಪನ್ನು ಬುಟ್ಟಿಗೆ ಹಾಕಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ಸೊಸೆಯನ್ನು ಕರೆದರು. ಮುಂದಿನ ಮಾತುಕತೆ ನನ್ನ ಎದುರಿಗೇ ನಡೆಯಿತು. ನಡೆದದ್ದು ಮನೆಮಾತಿನಲ್ಲಿ.

“ಇನ್ನು ಈ ಆಟ ಸಾಕು. ಆನು ಹೆತ್ತ ಮಾಣಿ ಹತ್ರ ಆನು ಎನ್ನ ಮಾತೇ ಆಡ್ತೆ.”

“ಅತ್ತೆ, ಡಾಕ್ಟ್ರು ಒಂದೇ ಭಾಷೆ ಹೇಳಿದ್ದು. ಅವಕ್ಕೆ ಗೊಂದಲ ಆಗ್ತು.”

“ನಿನ್ನ ಶಾಲೆ ಶಾಲೇಲಿ ಇರ್ಲಿ! ಕೂಸು ಎಂತ ಕೇಳ್ಚು ಗೊತ್ತಿದ್ದ ನಿಂಗೆ?”

ಕೂಸು ಕೇಳಿದ್ದನ್ನು ತಾಯಿ ಹೇಳಿದರು. ನನ್ನ ಹೆಂಡತಿ ಗೋಡೆಗೆ ಒರಗಿ ನಿಂತು ತನ್ನ ಬಳೆಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸುತ್ತಿದ್ದಳು. ವೈದ್ಯರ ಮಾತನ್ನು ಮೀರಿ ನನಗೇನಾದರೂ ಹೆಚ್ಚುಕಡಿಮೆಯಾದರೆ ಎಂಬ ಭಯ ಆಕೆಯದು. ಕೊನೆಗೆ ತಿಳಿದವರನ್ನು ಕೇಳಿಯೇ ಮುಂದುವರಿಯುವುದೆಂದು ಒಪ್ಪಂದವಾಯಿತು. ಮಾತಿನ ತರಬೇತಿ ಕೊಡುವ ಮಹಿಳೆಯೊಬ್ಬರು ತಿಂಗಳಿಗೆರಡು ಸಲ ಕೊಪ್ಪಕ್ಕೆ ಬಂದು ಒಂದು ಖಾಸಗಿ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂರುತ್ತಾರೆಂದು ಯಾರೋ ತಿಳಿಸಿದ್ದರು. ನಾವು ಮೂವರು ಹೊರಟೆವು. ಮಗಳನ್ನು ನೆರೆಮನೆಯಲ್ಲಿ ಬಿಟ್ಟೆವು.

ಬಸ್ಸಿನಲ್ಲಿ ಹೆಂಗಸರು ಮುಂದೆ ಕುಳಿತಿದ್ದರು. ನಾನು ಹಿಂದೆ ಒಬ್ಬನೇ ಇದ್ದೆ. ಕಂಡಕ್ಟರ್ ನನ್ನ ಹೆಗಲು ತಟ್ಟಿ “ಎಲ್ಲಿಗೆ ಮಾರಾಯ್ರೆ?” ಎಂದರು.

“ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ.”

“ಜಿಲ್ಲೆ ನನಗೂ ಗೊತ್ತುಂಟು. ಸ್ಟ್ಯಾಂಡಿಗಾ, ಮೊದಲೇ ಇಳಿತೀರಾ?”

ಹಿಂದಿನ ಸೀಟಿನವರೊಬ್ಬರು “ಪಿನ್‌ಕೋಡೂ ಕೇಳಿ” ಎಂದರು. ಸುತ್ತಲಿನವರು ನಕ್ಕರು. ನನ್ನ ತಾಯಿ ಮುಂದಿನಿಂದ ಎದ್ದು ನಿಂತು, ಓಡುವ ಬಸ್ಸಿನಲ್ಲಿ ಕಂಬಿ ಹಿಡಿದುಕೊಂಡು, ಎಲ್ಲರಿಗೂ ಕೇಳುವಂತೆ “ಮೂರೂ ಸ್ಟ್ಯಾಂಡಿಗೆ. ಅವನು ನಮ್ಮ ಮನೆಯವನು” ಎಂದರು.

ಕೊಪ್ಪದ ಆ ಮಹಿಳೆ ನನ್ನಿಂದ ಚಿತ್ರಗಳ ಹೆಸರು ಹೇಳಿಸಿದರು, ಆಸ್ಪತ್ರೆಯ ಚೀಟಿಗಳನ್ನು ನೋಡಿದರು. ಆಮೇಲೆ ನನ್ನ ಹೆಂಡತಿಯನ್ನು ಕೇಳಿದರು:

“ಮನೇಲಿ ಯಾವ ಭಾಷೆ?”

“ಕನ್ನಡ ಮೇಡಂ.”

“ಈಗ ನನ್ನ ಹತ್ರ ಮಾತಾಡ್ತಿದೀರಲ್ಲ, ಇದೇ ಕನ್ನಡವಾ?”

“ಇದೇ... ಅಂದ್ರೆ, ಮನೆಯಲ್ಲಿ ನಮ್ಮದೊಂದು ಮಾತಿದೆ. ಅದು ಭಾಷೆ ಅಂತೇನಲ್ಲ. ಸುಮ್ಮನೆ ನಮ್ಮನಮ್ಮೊಳಗೆ ಆಡೋದು.”

“ಕಾಯಿಲೆ ಆದ್ಮೇಲೆ ಇವರನ್ನ ಅದರಲ್ಲಿ ಮಾತಾಡ್ಸಿದೀರಾ?”

“ಇಲ್ಲ ಮೇಡಂ. ಒಂದೇ ಭಾಷೆ ಅಂದಿದ್ರು. ಅದಕ್ಕೆ ಸರಿಯಾದ್ದನ್ನೇ ಇಟ್ಟುಕೊಂಡ್ವಿ.”

ಆ ಮಹಿಳೆ ಪೆನ್ನಿನ ಮುಚ್ಚಳ ಹಾಕಿ ನನ್ನ ತಾಯಿಯ ಕಡೆ ತಿರುಗಿದರು. “ಅಮ್ಮ, ಇವರು ಸಣ್ಣವರಿದ್ದಾಗ ಎಲ್ಲಾದ್ರೂ ಬಿದ್ದು ಅಳ್ತಾ ಬಂದ್ರೆ ಏನಂತ ಕೇಳ್ತಿದ್ರಿ? ಹಾಗೇ ಕೇಳಿ ಈಗ.”

ತಾಯಿ ಬಾಗಿಲನ್ನೊಮ್ಮೆ ನೋಡಿದರು. ಪರರ ಎದುರು ಆ ಮಾತನ್ನು ಅವರು ಜೀವಮಾನದಲ್ಲಿ ಆಡಿದ್ದಿಲ್ಲ. ಕೊನೆಗೆ ತಲೆ ತಗ್ಗಿಸಿಕೊಂಡೇ ಕೇಳಿದರು:

“ಎಂತ ಆತು ಮಾಣಿ? ಎಲ್ಲಿ ಬಿದ್ಯ?”

ನನ್ನ ಎಡಗೈ ತಾನಾಗಿಯೇ ಹೋಗಿ ಮಂಡಿಯ ಮೇಲೆ ಕುಳಿತಿತು. ನಾನು ಅದನ್ನು ಕಳುಹಿಸಲಿಲ್ಲ. ಕೋಣೆಯಲ್ಲಿ ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು.

“ಒಳಗೆ ಇದೆ,” ಎಂದರು ಆ ಮಹಿಳೆ. “ಹೊರಗೆ ಬಂದೇ ಬರುತ್ತೆ ಅಂತ ನಾನು ಹೇಳೋದಿಲ್ಲ. ಮೊದಲ ತಿಂಗಳುಗಳಲ್ಲಿ ಬರೋದು ಬೇಗ ಬರುತ್ತೆ, ಆಮೇಲೆ ನಿಧಾನ. ಇವತ್ತಿಂದ ಮನೇಲಿ ಮನೆಮಾತೇ ಆಡಿ. ಜೋರಾಗಿ ಆಡಿ. ಬೈಯೋದಿದ್ರೂ ಅದರಲ್ಲೇ ಬೈಯಿರಿ.”

ಕ್ಲಿನಿಕ್ಕಿನ ಮೆಟ್ಟಿಲಿಳಿಯುವಾಗ ನನ್ನ ಹೆಂಡತಿ ನಿಂತು, ಬಹಳ ತಿಂಗಳುಗಳ ಮೇಲೆ ಮೊದಲ ಬಾರಿಗೆ ಮನೆಮಾತಿನಲ್ಲಿ ನನ್ನನ್ನು ಕೇಳಿದಳು: “ಆನೇ ಹಾಳು ಮಾಡಿದ್ದಾ?”

ಇಲ್ಲ ಎನ್ನಬೇಕಿತ್ತು. “ಸದರಿ ಆರೋಪವು ಸಾಬೀತಾಗಿರುವುದಿಲ್ಲ,” ಎಂದೆ. ಆಕೆ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

ಅಂದಿನಿಂದ ಮನೆಯಲ್ಲಿ ಗದ್ದಲವೇ ಆಯಿತು. ತಾಯಿಗೆ ಪಾಠ ಹೇಳುವ ಕ್ರಮ ಗೊತ್ತಿಲ್ಲ. ಅವರು ಸುಮ್ಮನೆ ನನ್ನ ಪಕ್ಕದಲ್ಲಿ ಕುಳಿತು ಮಾತನಾಡುತ್ತಿದ್ದರು. ನೆರೆಯವರ ದೂರು, ಸೊಂಟನೋವು, ಅಕ್ಕಿಯಲ್ಲಿ ಸಿಕ್ಕ ಕಲ್ಲು. ನಡುವೆ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಹೆಂಡತಿ ಶಾಲೆಯಿಂದ ತಂದ ಹಾಳೆಗಳ ಹಿಂಬದಿಯಲ್ಲಿ ಪದಗಳನ್ನು ಬರೆದು ಗೋಡೆಗೆ ಅಂಟಿಸಿದಳು. ಮನೆಮಾತನ್ನು ಬರೆದಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಬಾಯಿಗೆ ಮೊದಲು ಬಂದದ್ದು ‘ಎಂತ’. ಹದಿನೈದು ದಿನಗಳ ಮೇಲೆ ‘ಇಲ್ಲೆ’, ಅಂದರೆ ಇಲ್ಲ. ಅದರ ಮುಂದೆ ಬಹಳ ದಿನ ಏನೂ ಇಲ್ಲ. ಬಂದ ಪದ ಮರುದಿನ ಇರುತ್ತದೆಯೆಂಬ ಭರವಸೆ ಇರಲಿಲ್ಲ. ಎದ್ದ ಕೂಡಲೇ ಮುಖ ತೊಳೆಯುವ ಮುನ್ನ ಎರಡನ್ನೂ ಒಮ್ಮೆ ಹೇಳಿ ನೋಡಿಕೊಳ್ಳುತ್ತಿದ್ದೆ. ಇದ್ದರೆ ದಿನ ಸಾಗುತ್ತಿತ್ತು.

ಇನ್ನೊಂದು ಸಂದೇಹವೂ ಕಾಡುತ್ತಿತ್ತು. ಗೋಡೆಯ ಹಾಳೆ ನೋಡಿ ಬಂದ ಪದ ನನ್ನ ಹಳೆಯ ಪದವೋ ಅಥವಾ ಹೊಸದಾಗಿ ಕಲಿತದ್ದೋ? ಬಾಯಿಪಾಠ ಮಾಡಿದ್ದನ್ನು ತಾಯಿಯ ಮಾತು ಎನ್ನಬಹುದೇ? ಇದನ್ನು ಯಾರಲ್ಲೂ ಕೇಳಲಿಲ್ಲ. ಕೇಳಲು ಬೇಕಾದ ಮಾತು ನನ್ನಲ್ಲಿರಲಿಲ್ಲ.

ಮಗಳು ಇದನ್ನೆಲ್ಲ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಮನೆಯವರೆಲ್ಲ ತನ್ನ ಮಾತಿನಲ್ಲಿ ಈ ಬಂದವರನ್ನು ಮಾತನಾಡಿಸುತ್ತಿರುವುದು ಆಕೆಗೆ ವಿಚಿತ್ರವಾಗಿ ಕಂಡಿರಬೇಕು. ‘ತಾವು’ ಎನ್ನುವುದು ನಿಂತಿತು. ಅದರ ಬದಲಿಗೆ ಬೇರೇನೂ ಬರಲಿಲ್ಲ. ನನ್ನನ್ನು ಏನೆಂದೂ ಕರೆಯದೆ, ಬೇಕಾದಾಗ ಎದುರಿಗೆ ಬಂದು ನಿಲ್ಲುತ್ತಿದ್ದಳು.

ಮರುವರ್ಷ ಆಕೆಗೆ ಅಕ್ಷರಾಭ್ಯಾಸ ಮಾಡಿಸುವ ಪ್ರಸ್ತಾಪ ಬಂದಿತು. ನಮ್ಮ ಕಡೆ ಮಕ್ಕಳನ್ನು ಶೃಂಗೇರಿಗೆ ಕರೆದುಕೊಂಡು ಹೋಗಿ ತಟ್ಟೆಯ ಅಕ್ಕಿಯ ಮೇಲೆ ಮೊದಲ ಅಕ್ಷರ ಬರೆಸುವುದು ರೂಢಿ. ತಂದೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ಬೆರಳು ಹಿಡಿದು ಬರೆಸಬೇಕು. ನನ್ನ ಹೆಂಡತಿ ಮೆಲ್ಲನೆ, ತನ್ನ ಅಣ್ಣ ಕುಳಿತುಕೊಳ್ಳಬಹುದೆಂದು ಸೂಚಿಸಿದಳು. ಬಲಗೈ ಸರಿಯಿಲ್ಲ, ಮಾತು ಸರಿಯಿಲ್ಲ, ಮಗು ಹತ್ತಿರ ಬರುವುದಿಲ್ಲ. ನಾಲ್ಕು ಜನರ ನಡುವೆ ನನಗೆ ಅವಮಾನವಾಗಬಾರದೆಂಬುದು ಆಕೆಯ ಉದ್ದೇಶ. ನಾನು ಎಡಗೈಯಲ್ಲಿ ಒಂದು ಚೀಟಿ ಬರೆದು ಕೊಟ್ಟೆ. ಅದರಲ್ಲಿ ‘ನಾನೇ’ ಎಂಬ ಒಂದೇ ಪದವಿತ್ತು. ಬರೆದುಕೊಟ್ಟ ಮೇಲೆ ಬಸ್ಸು ಹತ್ತುವವರೆಗೂ ಅದನ್ನು ಹಿಂಪಡೆಯಬೇಕೆಂದು ಎಷ್ಟು ಸಲ ಅನ್ನಿಸಿತೋ.

ಶೃಂಗೇರಿಯಲ್ಲಿ ಹತ್ತು ಹನ್ನೆರಡು ಕುಟುಂಬಗಳನ್ನು ಸಾಲಾಗಿ ಕೂರಿಸಿದ್ದರು. ಪ್ರತಿಯೊಬ್ಬರ ಮುಂದೆಯೂ ಅಕ್ಕಿಯ ತಟ್ಟೆ. “ತಂದೆಯವರು ಮಗುವನ್ನ ತೊಡೆ ಮೇಲೆ ಕೂರಿಸಿಕೊಳ್ಳಿ” ಎಂದು ಪುರೋಹಿತರು ಹೇಳಿದರು. ಹೆಂಡತಿ ಮಗಳನ್ನೆತ್ತಿ ನನ್ನ ತೊಡೆಯ ಮೇಲಿಟ್ಟಳು. ಆಕೆಯ ಮೈ ಕಟ್ಟಿಗೆಯಂತೆ ಬಿಗಿಯಿತು.

“ಅಜ್ಜಿ ಹತ್ರ ಹೋಗ್ತೆ! ಅಜ್ಜಿ!”

ಆಕೆ ಹಿಂದಕ್ಕೆ ಬಾಗಿ ಜಾರತೊಡಗಿದಳು. ಒಂದೇ ಕೈಯಲ್ಲಿ ಹಿಡಿದುಕೊಳ್ಳಲು ನನಗೆ ಸಾಧ್ಯವಾಗುತ್ತಿರಲಿಲ್ಲ. ಅಕ್ಕಿ ಚೆಲ್ಲಿತು. ಸಾಲಿನವರೆಲ್ಲ ತಿರುಗಿ ನೋಡಿದರು. ಪಕ್ಕದಲ್ಲಿದ್ದ ತಂದೆಯೊಬ್ಬರು ಅನುಕಂಪದಿಂದ “ನಮ್ಮದೂ ಹೀಗೇ ಮಾರಾಯ್ರೆ, ಚಾಕ್ಲೇಟ್ ಇದ್ರೆ ತೋರ್ಸಿ” ಎಂದರು. ಪುರೋಹಿತರು ಕಾಯುತ್ತಿದ್ದರು. ನನ್ನ ಹೆಂಡತಿ ಮಗಳನ್ನು ಎತ್ತಿಕೊಳ್ಳಲು ಕೈ ಚಾಚಿದಳು. ಈಗ ಎತ್ತಿಕೊಂಡರೆ ಮತ್ತೆ ಆಕೆ ನನ್ನ ಬಳಿ ಬರುವುದಿಲ್ಲವೆಂದು ನನಗೆ ಖಚಿತವಾಯಿತು. ನಾನು ಬಾಗಿ ಆಕೆಯ ಕಿವಿಯ ಹತ್ತಿರ ಬಾಯಿ ತಂದೆ. ಏನು ಬರುತ್ತದೆಂಬುದು ನನಗೆ ತಿಳಿದಿರಲಿಲ್ಲ.

“ಹೆದ್ರಡ ಕೂಸೆ,” ಎಂದೆ. ಹೆದರಬೇಡ ಎಂಬುದನ್ನು ನಮ್ಮಲ್ಲಿ ಹೇಳುವುದು ಹಾಗೆ. ಗೋಡೆಯ ಹಾಳೆಗಳಲ್ಲಿ ಆ ಪದ ಇರಲಿಲ್ಲ. “ಹೆದ್ರಡ. ಆನು... ಆನು ಸದರಿ ಸ್ಥಳದಲ್ಲಿ ಹಾಜರಿರುತ್ತೇನೆ.”

ಪಕ್ಕದವರು ಶಲ್ಯವನ್ನು ಬಾಯಿಗೆ ಒತ್ತಿಕೊಂಡು ಬೇರೆ ಕಡೆ ನೋಡಿದರು. ಮಗಳು ಅಳು ನಿಲ್ಲಿಸಿದಳು. ಅರ್ಧ ಮನೆಯದೂ ಅರ್ಧ ಕಚೇರಿಯದೂ ಆದ ಆ ವಾಕ್ಯದಲ್ಲಿ ಆಕೆಗೆ ಎಷ್ಟು ತಿಳಿಯಿತೋ ಹೇಳಲಾರೆ. ತಲೆಯೆತ್ತಿ ನನ್ನ ಬಾಯನ್ನೇ ನೋಡಿದಳು. ಇನ್ನೂ ಏನಾದರೂ ಬರುತ್ತದೆಯೇ ಎಂದು ಕಾಯುವಂತಿತ್ತು. ಬರಲಿಲ್ಲ. ಆದರೆ ಆಕೆ ಇಳಿಯಲೂ ಇಲ್ಲ. ನಾನು ನನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಆಕೆಯ ಕೈಯ ಮೇಲಿಟ್ಟೆ. ಆ ಕೈಗೆ ಬರೆಸುವ ಶಕ್ತಿಯಿರಲಿಲ್ಲ. ಆಕೆಯ ಬೆರಳು ಅಕ್ಕಿಯಲ್ಲಿ ತನಗೆ ತೋಚಿದ ಕಡೆ ಹೋಯಿತು. ಅಲ್ಲಿ ಮೂಡಿದ್ದು ಯಾವ ಅಕ್ಷರವೂ ಅಲ್ಲ. ಪುರೋಹಿತರು ಅದನ್ನು ನೋಡಿ, ನನ್ನನ್ನು ನೋಡಿ, “ಆಯ್ತು, ಆಯ್ತು” ಎಂದು ಮುಂದಿನ ತಟ್ಟೆಗೆ ಹೋದರು.

ಹಿಂದಿರುಗುವಾಗ ಬಸ್ಸಿನಲ್ಲಿ ಜಾಗವಿತ್ತು. ನಾನು ಕಿಟಕಿಯ ಪಕ್ಕದಲ್ಲಿ ಕುಳಿತಿದ್ದೆ. ತಾಯಿ ಮತ್ತು ಹೆಂಡತಿ ಆಚೆ ಬದಿಯ ಸಾಲಿನಲ್ಲಿದ್ದರು. ಮಗಳು ಅವರಿಬ್ಬರ ನಡುವೆ ಸ್ವಲ್ಪ ಹೊತ್ತು ಇದ್ದು, ಕೆಳಗಿಳಿದು, ಬಸ್ಸು ಅಲುಗಿದಂತೆ ಅಲುಗುತ್ತ ಈಚೆಗೆ ಬಂದು ನನ್ನ ಸೀಟನ್ನು ಹತ್ತಿದಳು. ಕತ್ತು ಚಾಚಿ ಹೊರಗೆ ನೋಡಲು ಯತ್ನಿಸಿದಳು. ನಾನು ಅಡ್ಡವಾಗಿದ್ದೆ.

“ಅಪ್ಪಯ್ಯ, ಆಚೆ ಸರಿ! ನಂಗೆ ಎಂತದೂ ಕಾಣ್ತಿಲ್ಲೆ.”

ಆಕೆಯ ಧ್ವನಿಯಲ್ಲಿ ಮರ್ಯಾದೆ ಲವಲೇಶವೂ ಇರಲಿಲ್ಲ. ನನ್ನ ಹೆಂಡತಿ ತಿರುಗಿ ನೋಡಲು ಹೊರಟವಳು ಅರ್ಧದಲ್ಲಿ ನಿಲ್ಲಿಸಿ ಮುಂದಕ್ಕೇ ನೋಡುತ್ತ ಕುಳಿತಳು. ತಾಯಿಯೂ ಏನೂ ಕೇಳದವರಂತಿದ್ದರು. ನಾನು ಎಡಗೈಯಿಂದ ಮುಂದಿನ ಕಂಬಿ ಹಿಡಿದು ಈಚೆಯ ಸೀಟಿಗೆ ಸರಿಯತೊಡಗಿದೆ. ಬಲಗಾಲು ಎಳೆದುಕೊಂಡು ಸರಿಯುವುದಕ್ಕೆ ನನಗೆ ಸಮಯ ಬೇಕು. ಆಕೆಗೆ ಅಷ್ಟು ತಾಳ್ಮೆಯಿರಲಿಲ್ಲ. ಮೊಣಕೈಯಿಂದ ನನ್ನನ್ನು ನೂಕಿ ಕಿಟಕಿಗೆ ಹೋದಳು. ಉತ್ತರವಾಗಿ ಒಂದು ಮಾತಾದರೂ ಹೇಳಬೇಕಾಗಿತ್ತು. ಹೇಳಿದರೆ ಅದು ಯಾವ ಕನ್ನಡದಲ್ಲಿ ಬಂದೀತೋ ಎಂದು ಹೆದರಿ ಹೇಳಲಿಲ್ಲ. ಕೊಪ್ಪ ಬರುವವರೆಗೂ ಆ ಮೊಣಕೈ ನನ್ನ ಪಕ್ಕೆಗೆ ಒತ್ತಿಕೊಂಡೇ ಇತ್ತು. ನಾನು ಅಲುಗಾಡದೆ ಕುಳಿತಿದ್ದೆನು.